ಕ್ಲಚ್ ಬಿಡದ ಗಾಡಿ

ಬಾವುಟ ಇನ್ನೂ ಮೇಲೇರಿರಲಿಲ್ಲ. ಬಾವುಟ ಹಿಡಿದವನು ಗಾಡಿಯ ಮೂತಿಯ ಪಕ್ಕ ನಿಂತು ತೋಳು ಎತ್ತೋಕೆ ತಯಾರಾಗುತ್ತಿದ್ದ, ಅಷ್ಟೇ. ಅಷ್ಟರಲ್ಲಿ ಆ ಹಳದಿ ರೇಸ್ ಕಾರು ಹಗ್ಗ ಕಿತ್ತುಕೊಂಡ ಹೋರಿಯ ಹಾಗೆ ಮುಂದಕ್ಕೆ ನೆಗೆಯಿತು. ಬಾವುಟದವನು ಚುರುಕಿನ ಮನುಷ್ಯ, ಪಕ್ಕಕ್ಕೆ ಹಾರಿದ. ಹಾರಿದ್ದೇನೋ ಸರಿ, ಜಲ್ಲಿಯ ಮೇಲೆ ಕೈಯೂರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ಕಾರು ನಾಲ್ಕು ಮಾರು ಹೋಗಿ ಗಡಗಡ ನಡುಗಿ ಆಫ್ ಆಯಿತು. ಗುಡ್ಡದ ಬುಡದಲ್ಲಿ ನೆರೆದಿದ್ದವರೆಲ್ಲ ಗೆರೆಯ ಹತ್ತಿರ ನುಗ್ಗಿದರು. ಅವತ್ತು ಇನ್ನೂ ಗುರುವಾರ, ಬರೀ ಅಭ್ಯಾಸದ ಓಟ. ಗುಡ್ಡ ಹತ್ತುವ ನಿಜವಾದ ರೇಸು ಇದ್ದದ್ದು ಭಾನುವಾರ.

ಆಮೇಲೆ ಎಲ್ಲರ ಕಣ್ಣು ಹೋಗಿದ್ದು ಯಾರ ಮೇಲೆ ಅಂತೀರಿ? ಓಡಿಸುತ್ತಿದ್ದವನ ಮೇಲಲ್ಲ. ಗಾಡಿ ಕಟ್ಟಿದವಳ ಮೇಲೆ.

ಅವಳು ಎಲ್ಲರಿಗೂ ಅಕ್ಕ. ವಯಸ್ಸಿನಲ್ಲಿ ದೊಡ್ಡವರೂ ಗ್ಯಾರೇಜಿನ ಬಾಗಿಲಲ್ಲಿ ನಿಂತು "ಅಕ್ಕಾ, ಒಂಚೂರು ನೋಡಿ" ಅನ್ನುತ್ತಿದ್ದರು. ಗಾಡಿಯೊಳಗಿದ್ದವನಿಗೆ ಮಾತ್ರ ಅವಳು ಒಡಹುಟ್ಟಿದ ಅಕ್ಕ. ರೇಸಿನ ಜನ ಅವನಿಗೆ ಪಟಾಕಿ ಅಂತ ಹೆಸರಿಟ್ಟಿದ್ದರು, ಬಾವುಟ ಎತ್ತಿದ್ದೇ ತಡ ಸಿಡಿದು ಹೋಗುತ್ತಾನೆ ಅಂತ. ಆ ಪಟಾಕಿ ಈಗ ಬಾಗಿಲು ತೆಗೆದುಕೊಂಡು ಇಳಿದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಕ್ಲಚ್ ಪೂರ್ತಿ ಒತ್ತಿದ್ದೆ ಅಕ್ಕಾ," ಅಂದ. "ಪೂರ್ತಿ ಒತ್ತಿದ್ರೂ ಬಿಡ್ಲಿಲ್ಲ. ಎಂಜಿನ್ ಸ್ವಲ್ಪ ಕೂಗಿಸಿದೆ ನೋಡು, ಎಳ್ಕೊಂಡು ಹೋಗ್ಬಿಡ್ತು."

ಮೆಲ್ಲಗೆ ಹೇಳಬಾರದೇ ಆ ಪುಣ್ಯಾತ್ಮ! ಊರಿಗೆಲ್ಲ ಕೇಳಿಸಿತು.

ಕ್ಲಚ್ಚಿನ ಸಂಗತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಎಂಜಿನ್ನೂ ಚಕ್ರಗಳೂ ಕೈಕೈ ಹಿಡಿದುಕೊಂಡ ಇಬ್ಬರು ಅಂದುಕೊಳ್ಳಿ. ಪೆಡಲ್ ಒತ್ತಿದರೆ ಕೈ ಬಿಡಬೇಕು, ಬಿಟ್ಟರೆ ಮತ್ತೆ ಹಿಡಿಯಬೇಕು. ಮನೆ ಬಳಕೆಯ ಕಾರಿನಲ್ಲಿ ಪೆಡಲನ್ನು ಅರ್ಧಂಬರ್ಧ ಒತ್ತಿದರೂ ನಡೆದುಹೋಗುತ್ತೆ. ರೇಸಿನ ಕಾರಿನದ್ದು ಉಡದ ಹಿಡಿತ. ಪೆಡಲು ಕಲ್ಲಿನಷ್ಟು ಗಟ್ಟಿ, ತಳ ಮುಟ್ಟುವ ತನಕ ಒತ್ತಬೇಕು, ಬೆರಳಗಲ ಕಮ್ಮಿಯಾದರೂ ಕೈ ಬಿಡಲ್ಲ. ಬಿಡದೆ ಇದ್ದರೆ ಏನಾಗುತ್ತೆ ಅನ್ನೋದನ್ನ ಆ ಬಾವುಟದವನ ಮಣಿಕಟ್ಟನ್ನೇ ಕೇಳಿ.

ಗಾಡಿಯ ಧಣಿ ಓಡಿಬಂದ. ಬಿಸ್ಕತ್ ಫ್ಯಾಕ್ಟರಿ ಇಟ್ಟುಕೊಂಡಿದ್ದ ಸಾಹುಕಾರ ಅವನು. ರೇಸಿನ ಹುಚ್ಚು ಬೆಟ್ಟದಷ್ಟು, ತಿಳಿವಳಿಕೆ ಸಾಸಿವೆಯಷ್ಟು.

"ಏನಮ್ಮಾ ಇದು? ನಿನ್ನ ಚಿಕ್ಕಪ್ಪನ ಮುಖ ನೋಡಿ ಗಾಡಿ ಕೈಗೆ ಕೊಟ್ಟೆ. ಒಂದು ಜೀವ ಹೋಗ್ತಿತ್ತಲ್ಲಮ್ಮಾ!"

ಅಕ್ಕ ಇಷ್ಟು ವರ್ಷ ಚಿಕ್ಕಪ್ಪನ ಹೆಸರಿನ ನೆರಳಲ್ಲಿ ಪಾನಾ ಹಿಡಿದು ನಟ್ಟು ತಿರುಗಿಸಿದವಳು. ಚಿಕ್ಕಪ್ಪನ ಕೈ ನಡುಗೋಕೆ ಶುರುವಾದ ಮೇಲೆ, ಬುಡದಿಂದ ತುದಿಯವರೆಗೆ ತಾನೊಬ್ಬಳೇ ಕಟ್ಟಿ "ಇದು ನನ್ನ ಗಾಡಿ" ಅಂತ ಗೆರೆಯ ಮೇಲೆ ನಿಲ್ಲಿಸಿದ್ದು ಇದೇ ಮೊದಲು. ಅದು ನಿಲ್ಲಲೇ ಇಲ್ಲ.

ಗಾಡಿಗಳ ತಪಾಸಣೆ ಮಾಡುವ ಮೇಷ್ಟ್ರು ಆ ಹೊತ್ತಿಗೆ ಬಂದರು. ಹಿಂದೆ ಯಾವುದೋ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿದ್ದವರು, ರೇಸಿಗೆ ಬರುವ ಪ್ರತಿ ಗಾಡಿಯೂ ಅವರ ಕೈ ದಾಟಿಯೇ ಹೋಗಬೇಕು. ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಶನಿವಾರ ಮಧ್ಯಾಹ್ನ ಗಾಡಿ ತಗೊಂಡು ಬಾಮ್ಮ. ಏನಾಗಿತ್ತು, ಯಾಕಾಗಿತ್ತು, ಎರಡೂ ಹೇಳ್ಬೇಕು. ಬರೀ 'ಸರಿಹೋಯ್ತು ಮೇಷ್ಟ್ರೇ' ಅಂದ್ರೆ ನಾನು ಕೇಳಲ್ಲ. ಕಾರಣ ಗೊತ್ತಿಲ್ದೆ ಸರಿಹೋಗಿದ್ದು ಮತ್ತೆ ಕೆಡುತ್ತೆ. ನಿನ್ನ ಕೈಲಿ ಹೇಳೋಕಾಗ್ಲಿಲ್ಲ ಅಂದ್ರೆ, ನೀನು ಕಟ್ಟಿದ ಗಾಡಿನ ಇನ್ಮೇಲೆ ನಾನು ಈ ಗೆರೆ ಮೇಲೆ ನಿಲ್ಲಿಸಲ್ಲ."

"ಹೇಳ್ತೀನಿ ಮೇಷ್ಟ್ರೇ," ಅಂದಳು ಅಕ್ಕ.

ಗ್ಯಾರೇಜ್ ಇದ್ದದ್ದು ಟೈರ್ ಅಂಗಡಿಯ ಹಿಂದಿನ ಓಣಿಯಲ್ಲಿ. ಕೆಳಗೆ ಕೆಲಸ, ಮೇಲೆ ಮನೆ. ಷಟರ್ ಪಕ್ಕದಲ್ಲಿ ಹಳೇ ಕಾರಿನ ಸೀಟೊಂದನ್ನು ನೆಲಕ್ಕೆ ಹಾಕಿಕೊಂಡು ಚಿಕ್ಕಪ್ಪ ಕೂತಿರುತ್ತಿದ್ದ. ಪಾನಾ ಹಿಡಿಯೋ ಕೈ ನಡುಗುತ್ತಿತ್ತೇ ಹೊರತು ನಾಲಿಗೆ ಒಂದಿಷ್ಟೂ ನಡುಗುತ್ತಿರಲಿಲ್ಲ.

"ಬಂತು ಮೆರವಣಿಗೆ," ಅಂದ, ಗಾಡಿಯನ್ನು ತಳ್ಳಿಕೊಂಡು ಬಂದದ್ದು ನೋಡಿ. "ಗೆದ್ದು ಬರ್ತೀರ ಅಂದ್ರೆ ಹೆಣ ಹೊತ್ಕೊಂಡು ಬಂದ ಹಾಗೆ ಬರ್ತಿದ್ದೀರಲ್ಲ."

"ಚಿಕ್ಕಪ್ಪಾ, ಈಗ ಬೇಡ."

ಅವಳ ದನಿ ಕೇಳಿ ಮುದುಕ ಬಾಯಿ ಮುಚ್ಚಿಕೊಂಡ. ಆ ಮನುಷ್ಯ ಬಾಯಿ ಮುಚ್ಚಿಕೊಂಡನೆಂದರೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ನೀವೇ ಲೆಕ್ಕ ಹಾಕಿ.

ಅಕ್ಕ ಕೆಲಸಕ್ಕೆ ಕೂತಳು. ಮೊದಲು ಸುಲಭದ್ದು ನೋಡು, ಆಮೇಲೆ ಕಷ್ಟದ್ದು ಬಿಚ್ಚು ಅನ್ನೋದು ಆ ಗ್ಯಾರೇಜಿನ ನೀತಿ. ಕ್ಲಚ್ ಎಣ್ಣೆ ನೋಡಿದಳು. ಮಟ್ಟ ಸರಿ ಇತ್ತು, ಬಣ್ಣ ಸರಿ ಇತ್ತು, ಎಲ್ಲೂ ಸೋರಿಕೆ ಇರಲಿಲ್ಲ. ಪೈಪಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಪೆಡಲು ಸ್ಪಂಜಿನ ಹಾಗೆ ಮೆತ್ತಗಾಗುತ್ತೆ. ಇಲ್ಲಿ ಮೆತ್ತಗಾಗಿರಲಿಲ್ಲ. ಆದರೂ ಏರ್ ತೆಗೆದಳು, ಹೊಸ ಎಣ್ಣೆ ತುಂಬಿದಳು. ಹಿಂದಿನ ಚಕ್ರ ಒಂದನ್ನು ಜಾಕ್ ಕೊಟ್ಟು ಎತ್ತಿ, ಒಂದನೇ ಗೇರಿಗೆ ಹಾಕಿ, ಚಿಕ್ಕಪ್ಪನ ಕಡೆ ನೋಡಿದಳು.

"ಅಳಿಯನ್ನ ಕೂರಿಸ್ಲಾ?"

"ಕೂರಿಸು. ಇನ್ನೇನು, ನಾನು ಬಂದು ಕೂರ್ಲಾ?"

ಅಳಿಯ ಅಂದರೆ ಸಲಿಕೆಯ ಹಿಡಿ ಕುಯ್ದು ಮಾಡಿಟ್ಟುಕೊಂಡಿದ್ದ ಒಂದು ಕೋಲು. ಒಂದು ತುದಿ ಪೆಡಲಿಗೆ, ಇನ್ನೊಂದು ತುದಿ ಸೀಟಿಗೆ ಕೊಟ್ಟು ಸೀಟನ್ನು ಮುಂದಕ್ಕೆ ಜರುಗಿಸಿದರೆ ಪೆಡಲು ತಳ ಮುಟ್ಟಿ ಹಾಗೇ ನಿಲ್ಲುತ್ತಿತ್ತು. ಬೇರೆ ಗ್ಯಾರೇಜುಗಳಲ್ಲಿ ಒಬ್ಬರು ಕೆಳಗೆ ಮಲಗಿ "ಒತ್ತು", "ಬಿಡು" ಅಂತ ಅರಚುತ್ತಿದ್ದರೆ ಇನ್ನೊಬ್ಬರು ಮೇಲೆ ಕೂತು ಒತ್ತುತ್ತಾರೆ. ಚಿಕ್ಕಪ್ಪನಿಗೆ ಅದು ಆಗದು. ಮನುಷ್ಯ ಆಕಳಿಸುತ್ತಾನೆ, ಫೋನ್ ನೋಡುತ್ತಾನೆ, ಕೋಲು ಆಕಳಿಸಲ್ಲ ಅನ್ನುತ್ತಿದ್ದ. ಕೂರಿಸಿದ ಕಡೆ ಕೂರುತ್ತೆ, ಹೇಳಿದಷ್ಟು ಮಾಡುತ್ತೆ, ಊಟ ಕೇಳಲ್ಲ, ಇಂಥ ಮನೆ ಅಳಿಯ ಎಲ್ಲಿ ಸಿಗುತ್ತಾನೆ ಅಂತ ಆ ಹೆಸರಿಟ್ಟಿದ್ದ. ಅಕ್ಕ ಕೆಲಸ ಕಲಿತದ್ದೇ ಆ ಕೋಲಿನ ಜೊತೆ.

ಅಳಿಯ ಕೂತ. ಅಕ್ಕ ಚಕ್ರವನ್ನು ಒಂದು ಕೈಯಲ್ಲಿ ತಳ್ಳಿದಳು. ಸೊಯ್ಯನೆ ತಿರುಗಿತು. ಅಂದರೆ ಕ್ಲಚ್ ಕೈ ಬಿಟ್ಟಿದೆ ಅಂತ ಅರ್ಥ.

"ಗಾಳಿನೇ ಇತ್ತು ಅನ್ಸುತ್ತೆ. ಹೋಯ್ತು," ಅಂತ ನಿಟ್ಟುಸಿರು ಬಿಟ್ಟಳು.

ತಮ್ಮ ಗಾಡಿ ಹತ್ತಿ ಓಣಿಯಲ್ಲಿ ಹಿಂದಕ್ಕೆ ತೆಗೆಯೋಕೆ ಹೋದ. ಕರ್‍ರ್ ಅಂತ ಗೇರು ಹಲ್ಲು ಕಡಿಯಿತು. ಟೈರ್ ಅಂಗಡಿಯವನು ಕೂಡ ಹಣಿಕಿ ನೋಡಿದ.

ಶುಕ್ರವಾರ ಬೆಳಗ್ಗೆ ಗೇರ್‌ಬಾಕ್ಸ್ ಇಳಿಸಿದಳು. ಅದೇನು ಆಟವಲ್ಲ ಸ್ವಾಮಿ, ಹೆಗಲು ಬಿದ್ದು ಹೋಗುತ್ತೆ. ಕ್ಲಚ್ ಪ್ಲೇಟು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಳು. ಸೊಟ್ಟಗಿಲ್ಲ, ಎಣ್ಣೆ ತಾಗಿಲ್ಲ, ಸುಟ್ಟ ವಾಸನೆ ಇಲ್ಲ. ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೆರಳುಗಳನ್ನು ಒಂದೊಂದಾಗಿ ಅಳೆದಳು. ಎಲ್ಲವೂ ಒಂದೇ ಎತ್ತರ. ಬೇರಿಂಗ್ ತಿರುಗಿಸಿ ಕಿವಿ ಹತ್ತಿರ ಹಿಡಿದು ಕೇಳಿದಳು. ಚಿಕ್ಕಪ್ಪನ ಕಿವಿಗೂ ಹಿಡಿದು ಕೇಳಿಸಿದಳು.

"ಗೊರಕೆ ಇಲ್ಲ, ಕೆಮ್ಮು ಇಲ್ಲ," ಅಂದ ಚಿಕ್ಕಪ್ಪ. "ನನಗಿಂತ ಆರೋಗ್ಯವಾಗಿದೆ."

ಮತ್ತೆ ಕಟ್ಟಿದಳು. ಅಳಿಯನ್ನ ಕೂರಿಸಿದಳು. ಚಕ್ರ ಸೊಯ್ಯನೆ ತಿರುಗಿತು. ಈ ಸಲ ತಾನೇ ಗಾಡಿ ತೆಗೆದುಕೊಂಡು ಊರ ಹೊರಗಿನ ದಾರಿಯಲ್ಲಿ ಎಂಜಿನ್ ಬೆಂಕಿಯಾಗುವ ತನಕ ಓಡಿಸಿ ಬಂದಳು. ಗೇರುಗಳು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಿದ್ದವು. ಅವಳ ಎದೆ ಹಗುರಾಯಿತು. ಷಟರ್ ಮುಂದೆ ಇಳಿದು ತಮ್ಮನ ಕೈಗೆ ಕೀ ಕೊಟ್ಟಳು.

ಅವನು ಓಣಿಯ ತುದಿ ಮುಟ್ಟುವ ಮೊದಲೇ ಕೇಳಿಸಿತು, ಕರ್‍ರ್.

"ನೋಡ್ದ್ಯಾ?" ಅಂದ ಬಂದವನೇ. "ನೀನು ಮದುಮಗಳನ್ನ ಕರ್ಕೊಂಡು ಹೋಗೋ ಹಾಗೆ ಓಡಿಸ್ತೀಯ. ನಾನು ಓಡಿಸೋ ಥರ ಓಡಿಸಿದ್ರೆ ತಾನೇ ಬಂಡವಾಳ ಗೊತ್ತಾಗೋದು?"

"ಬೆಂಕಿ ಆಗೋ ತನಕ ಓಡಿಸಿದ್ದೀನಿ ಕಣೋ."

"ಹಾಗಾದ್ರೆ ನನಗೊಬ್ಬನಿಗೆ ಯಾಕೆ ಹಿಂಗಾಗುತ್ತೆ? ಗಾಡಿಗೆ ನನ್ನ ಮೇಲೆ ಹಗೆನಾ? ಒಳಗೆ ಏನೋ ತಪ್ಪಾಗಿದೆ ಅಕ್ಕಾ. ಒಪ್ಕೊಳೋಕೆ ನಿನಗೆ ಮನಸ್ಸಿಲ್ಲ."

ಆ ಮಾತು ಅವಳಿಗೆ ಚುಚ್ಚಿತು. ಬಿಸ್ಕತ್ ಸಾಹುಕಾರ ಅಂದಿದ್ದರೆ ಕೊಡವಿಕೊಂಡು ಹೋಗುತ್ತಿದ್ದಳು. ಅವಳು ಕಟ್ಟಿದ ಗಾಡಿಯನ್ನು ಬಿಟ್ಟು ಇನ್ನೊಬ್ಬರದ್ದನ್ನು ಹತ್ತಲ್ಲ ಅಂತ ಹಠ ಹಿಡಿದಿದ್ದವನು ಇವನೇ. ಹೋದ ವರ್ಷ ಬೇರೆಯವರ ಗಾಡಿ ಓಡಿಸಲು ಹೋಗಿ ಗುಡ್ಡದ ತಿರುವಿನಲ್ಲಿ ಎರಡು ಪಲ್ಟಿ ಹೊಡೆದು, ಬೆನ್ನು ಉಜ್ಜಿಕೊಂಡು ನಗುತ್ತಾ ಎದ್ದು ಬಂದು, "ಅಕ್ಕಾ, ಇನ್ಮೇಲೆ ನಿನ್ನ ಕೈದೇ ಗಾಡಿ" ಅಂದಿದ್ದ. ಈಗ ಅದೇ ಬಾಯಿ ಹೀಗನ್ನುತ್ತಿತ್ತು. ಅಕ್ಕ ಪಾನಾ ತೆಗೆದುಕೊಂಡು ಮತ್ತೆ ಗಾಡಿಯ ಕೆಳಗೆ ತೂರಿದಳು.

ಎರಡನೇ ಸಲ ಇಳಿಸಿದರೂ ಏನೂ ಸಿಗಲಿಲ್ಲ. ಏನಾದರೂ ಒಂದು ತಪ್ಪು ಸಿಗಲಿ ದೇವರೇ ಅಂತ ಹುಡುಕಿದಳು, ಸುಳ್ಳಲ್ಲ. ಸಡಿಲವಾದ ಬೋಲ್ಟು, ತಿರುಗಾಮುರುಗಾ ಕೂತ ಪ್ಲೇಟು, ಒಂದು ಬಿರುಕು, ಯಾವುದಾದರೂ ಸೈ. ತಪ್ಪು ಸಿಕ್ಕರೆ ತಿದ್ದಬಹುದು, ಮೇಷ್ಟ್ರ ಮುಂದೆ ತಲೆ ತಗ್ಗಿಸಿ ಇಂಥದ್ದಾಗಿತ್ತು ಅನ್ನಬಹುದು. ತಪ್ಪೇ ಇಲ್ಲದ ಗಾಡಿ ತಪ್ಪು ಮಾಡುತ್ತಿದ್ದರೆ ಏನಂತ ಹೇಳೋದು? ಮೇಲೆ ಹೋಗಿ ಕೈ ತೊಳೆಯುವಾಗ ಅವಳಿಗೆ ಅಳು ಬಂತು. ನನಗೆ ಈ ಕೆಲಸ ಬರಲ್ಲವೇನೋ, ಇಷ್ಟು ದಿನ ನಡೆದದ್ದೆಲ್ಲ ಚಿಕ್ಕಪ್ಪನ ಪುಣ್ಯವೇನೋ ಅನ್ನಿಸಿ ನಲ್ಲಿ ಬಿಟ್ಟುಕೊಂಡೇ ಅತ್ತಳು.

ಶನಿವಾರ ಬೆಳಗ್ಗೆ ತಲೆ ತಿಳಿಯಾಗಿತ್ತು. ಹಲ್ಲುಜ್ಜುತ್ತಾ ಮತ್ತೆ ಮೊದಲಿಂದ ಯೋಚನೆ ಮಾಡಿದಳು. ಗಾಡಿ ಅದೇ. ದಾರಿ ಅದೇ. ಬಿಸಿ ಅಷ್ಟೇ. ಕೋಲು ಒತ್ತಿದರೆ ಬಿಡುತ್ತೆ, ನಾನು ಒತ್ತಿದರೆ ಬಿಡುತ್ತೆ, ಅವನು ಒತ್ತಿದರೆ ಬಿಡಲ್ಲ. ಬಾಯಿಯ ನೊರೆ ಉಗಿಯುವುದನ್ನೂ ಮರೆತು ನಿಂತಳು. ಕ್ಲಚ್ ಎಣ್ಣೆಯಿಂದ ಹಿಡಿದು ಬೇರಿಂಗಿನವರೆಗೆ ಎಲ್ಲವನ್ನೂ ಪರೀಕ್ಷೆ ಮಾಡಿದ್ದಳು. ಪರೀಕ್ಷೆ ಮಾಡದೆ ಬಿಟ್ಟದ್ದು ಒಂದೇ ಒಂದು, ಪೆಡಲಿನ ಮೇಲಿದ್ದ ಪಾದ. ಆ ಮನೆಯಲ್ಲಿ ಅದನ್ನು ಪರೀಕ್ಷೆ ಮಾಡುವ ರೂಢಿಯೇ ಇರಲಿಲ್ಲವಲ್ಲ!

ದಡದಡ ಕೆಳಗಿಳಿದು ಬಂದು ಡ್ರೈವರ್ ಸೀಟಿನ ಮುಂದೆ ತಲೆ ತೂರಿಸಿದಳು. ಪೆಡಲ್ ಪೂರ್ತಿ ಒತ್ತಿದಾಗ ಅದರ ಬೆನ್ನು ಹೋಗಿ ತಾಗುವ ಒಂದು ಬೋಲ್ಟಿದೆ. ಅದರ ತಲೆಗೆ ಬೆರಳಿನಿಂದ ಒಂದು ಮುದ್ದೆ ಗ್ರೀಸ್ ಮೆತ್ತಿದಳು. ಪೆಡಲು ತಳ ಮುಟ್ಟಿದರೆ ಗ್ರೀಸ್ ಅಪ್ಪಚ್ಚಿಯಾಗಬೇಕು. ತಾನು ಒಮ್ಮೆ ಒತ್ತಿ ನೋಡಿದಳು, ಅಪ್ಪಚ್ಚಿಯಾಯಿತು. ಒರೆಸಿ ಮತ್ತೆ ಮೆತ್ತಿದಳು.

"ಏನೇ ಅದು, ಅಡಿಗೆ ಮಾಡ್ತಿದ್ದೀಯ?" ಅಂದ ಚಿಕ್ಕಪ್ಪ.

"ಸುಮ್ನಿರು ಚಿಕ್ಕಪ್ಪಾ."

ತಮ್ಮ ಮೇಲಿನಿಂದ ಇಳಿದು ಬಂದ. ಷಟರ್‌ನ ಕೆಳಗಿನ ಪಟ್ಟಿಗೆ ಕಾಲು ತಗುಲಿ ಮುಗ್ಗರಿಸಿ ಗೋಡೆ ಹಿಡಿದುಕೊಂಡ. ಹೊಸ ಶೂ ಅಂತ ಗೊಣಗಿದ. ಅಕ್ಕ ಅದರ ಕಡೆ ಗಮನವನ್ನೇ ಕೊಡಲಿಲ್ಲ, ಅವಳ ಜೀವವೆಲ್ಲ ಆ ಗ್ರೀಸಿನ ಮುದ್ದೆಯ ಮೇಲಿತ್ತು.

"ಒಂದು ಸುತ್ತು ಹೋಗಿ ಬಾ. ಮುಂದಕ್ಕೆ ಹಿಂದಕ್ಕೆ ಎಲ್ಲ ತೆಗಿ," ಅಂದಳು.

ಹೋದ. ಕರ್‍ರ್ ಅಂತು. ಬಂದ. ಅವನು ಇಳಿಯುವುದನ್ನೂ ಕಾಯದೆ ಅವನ ಕಾಲುಗಳ ಪಕ್ಕದಲ್ಲೇ ಟಾರ್ಚ್ ಬಿಟ್ಟು ನೋಡಿದಳು. ಗ್ರೀಸು ಇಟ್ಟದ್ದು ಇಟ್ಟ ಹಾಗೇ ದುಂಡಗೆ ಕೂತಿತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಎರಡು ದಿನದ ಸಿಟ್ಟೆಲ್ಲ ಅವಳ ನೆತ್ತಿಗೇರಿತು.

"ಇಳಿಯೋ ಕೆಳಗೆ!" ಅಂದಳು. "ಎರಡೆರಡು ಸಲ ಗೇರ್‌ಬಾಕ್ಸ್ ಇಳಿಸಿ ನನ್ನ ರಟ್ಟೆ ಬಿದ್ದುಹೋಯ್ತು. ನೀನು ಪೆಡಲ್ಲೇ ಪೂರ್ತಿ ಒತ್ತುತ್ತಿಲ್ವಲ್ಲೋ!"

"ಯಾರು ಹೇಳಿದ್ದು?"

"ಗ್ರೀಸ್ ಹೇಳ್ತು. ಅರ್ಧ ಒತ್ತಿ ಟಕ್ ಅಂತ ಗೇರ್ ಬದಲಾಯಿಸ್ತಿದ್ದೀಯ. ಒಂದು ಚಿಟಿಕೆ ಹೊತ್ತು ಉಳಿಸ್ಬೇಕು, ಜನ ಪಟಾಕಿ ಪಟಾಕಿ ಅಂತ ಕುಣೀಬೇಕು. ಆತುರ ನಿಂದು, ಅಪವಾದ ನನಗಾ? ಕುಣಿಯೋಕೆ ಬರ್ದೆ ಇದ್ದವಳು ನೆಲ ಡೊಂಕು ಅಂದಳಂತೆ!"

"ಪೂರ್ತಿ ಒತ್ತಿದ್ದೀನಿ!" ಅವನೂ ಕೂಗಿದ. ಮುಖ ಕೆಂಪಾಗಿತ್ತು. "ಪ್ರತಿ ಸಲ ತಳ ಮುಟ್ಟಿಸಿದ್ದೀನಿ. ನಾನೇನು ನಿನ್ನೆ ಮೊನ್ನೆ ಗಾಡಿ ಕಲಿತವನಾ? ನಿನ್ನ ತಪ್ಪು ಮುಚ್ಚಿಕೊಳ್ಳೋಕೆ ನನ್ನನ್ನ ಸುಳ್ಳ ಮಾಡ್ತೀಯಾ?"

"ನೀನು ಸುಳ್ಳನೇ."

"ಆಯ್ತು ಬಿಡು. ಮಧ್ಯಾಹ್ನ ಮೇಷ್ಟ್ರ ಮುಂದೇನೇ ಒತ್ತಿ ತೋರಿಸ್ತೀನಿ. ಎಲ್ಲರ ಮುಂದೆ. ಆತುರ ಇಲ್ಲ ಏನಿಲ್ಲ, ನಿಂತ ಗಾಡೀಲಿ. ಆಗ ಗೊತ್ತಾಗ್ಲಿ ಯಾರು ಸುಳ್ಳರು ಅಂತ."

"ತೋರ್ಸೋ. ನಾನೂ ಅದನ್ನೇ ಕೇಳ್ತಿರೋದು."

"ಅಯ್ಯೋ, ಮನೆ ಜಗಳ ಬೀದಿಗೆ ಹಾಕ್ಬೇಡ್ರೋ," ಅಂದ ಚಿಕ್ಕಪ್ಪ ಸೀಟಿನಿಂದ ಅರ್ಧ ಎದ್ದು. "ಇಲ್ಲೇ ಒತ್ತಿ ನೋಡಿ ಮುಗಿಸಿ. ಇವಳೇ, ನೀನು ದೊಡ್ಡವಳು, ನೀನಾದ್ರೂ ತಾಳ್ಕೋ."

ದೊಡ್ಡವಳು ತಾಳಿಕೊಳ್ಳಲಿಲ್ಲ. ಇಲ್ಲಿ ಓಣಿಯಲ್ಲಿ ಗೆದ್ದರೆ ಯಾರು ನೋಡಿದರು? ಗುರುವಾರ ತನ್ನ ಕಡೆ ತಿರುಗಿದ್ದ ಅಷ್ಟೂ ಕಣ್ಣುಗಳ ಮುಂದೆಯೇ ಇದು ತೀರ್ಮಾನವಾಗಬೇಕು ಅಂತ ಅವಳ ಒಳಗಿನ ಸಿಟ್ಟು ಹಠ ಹಿಡಿಯಿತು. ತಮ್ಮನೂ ಅವಳದೇ ರಕ್ತ, ಬಿರಬಿರನೆ ಬೀದಿಗೆ ನಡೆದುಬಿಟ್ಟ.

ಮಧ್ಯಾಹ್ನ ಗುಡ್ಡದ ಬುಡದಲ್ಲಿ ಜಾತ್ರೆಯಷ್ಟಲ್ಲದಿದ್ದರೂ ಸಾಕಷ್ಟು ಜನ ಸೇರಿದ್ದರು. ಬಾವುಟದವನು ಕೈಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ. ಬೇರೆ ಗಾಡಿಗಳ ಮೆಕ್ಯಾನಿಕ್ಕುಗಳು ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದು ನಿಂತರು. ಇನ್ನೊಬ್ಬರ ಮನೆಗೆ ಬೆಂಕಿ ಬಿದ್ದರೆ ಚಳಿ ಕಾಯಿಸಿಕೊಳ್ಳಲು ಯಾರಿಗೆ ಇಷ್ಟವಿಲ್ಲ ಹೇಳಿ.

"ಹೇಳಮ್ಮ," ಅಂದರು ಮೇಷ್ಟ್ರು. "ಏನಾಗಿತ್ತು?"

"ಗಾಡಿಗೆ ಏನೂ ಆಗಿರ್ಲಿಲ್ಲ ಮೇಷ್ಟ್ರೇ," ಅಂದಳು ಅಕ್ಕ. "ನನ್ನ ಕೆಲಸ ಸರಿ ಇದೆ. ನೀವೇ ಹತ್ತಿ ನೋಡಿ."

ಹಿಂದಿನ ಚಕ್ರವೊಂದನ್ನು ಎತ್ತಿ ನಿಲ್ಲಿಸಿದಳು, ಒಂದನೇ ಗೇರಿಗೆ ಹಾಕಿದಳು. ಪೆಡಲ್ ಬಿಟ್ಟಾಗ ಚಕ್ರ ಬಂಡೆಯ ಹಾಗೆ ನಿಂತಿರುವುದನ್ನು ಎಲ್ಲರಿಗೂ ತೋರಿಸಿದಳು. ಮೇಷ್ಟ್ರು ಕನ್ನಡಕ ಜೇಬಿಗೆ ಹಾಕಿಕೊಂಡು ಒಳಗೆ ಕೂತು ಕ್ಲಚ್ ಒತ್ತಿದರು. ಅಕ್ಕ ಚಕ್ರ ತಳ್ಳಿದಳು. ಸೊಯ್ಯನೆ ತಿರುಗಿತು. ಬಿಸ್ಕತ್ ಸಾಹುಕಾರನಿಗೂ ಹುರುಪು ಬಂತು. ಹೊಟ್ಟೆಯನ್ನು ಸ್ಟೀರಿಂಗಿನ ಕೆಳಗೆ ತೂರಿಸಿಕೊಂಡು, ಹಲ್ಲು ಕಚ್ಚಿ, ಗಿಡ್ಡ ಕಾಲಿನಿಂದ ಒತ್ತಿದ. ಆಗಲೂ ತಿರುಗಿತು. ಯಾರೋ ಚಪ್ಪಾಳೆ ತಟ್ಟಿ ನಕ್ಕರು.

"ಈಗ ಅವನು ಒತ್ತಲಿ," ಅಂದಳು ಅಕ್ಕ.

ತಮ್ಮ ಎಲ್ಲರ ಕಡೆ ಒಮ್ಮೆ ನೋಡಿ, ನಕ್ಕು, ಗಾಡಿ ಹತ್ತಿದ. ಆತುರವೇ ಇಲ್ಲದೆ ಸೀಟು ಸರಿಮಾಡಿಕೊಂಡ. ಬಾಗಿಲು ತೆರೆದೇ ಇತ್ತು. ಅಕ್ಕ ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ಟೈರಿನ ಮೇಲೆ ಎರಡೂ ಕೈ ಇಟ್ಟಳು.

"ಒತ್ತಿದೆ ಅಕ್ಕಾ. ಸುತ್ತು."

ತಳ್ಳಿದಳು. ಚಕ್ರ ಅಲ್ಲಾಡಲಿಲ್ಲ.

ಗೆದ್ದೆ ಅಂತ ಅವಳಿಗೆ ಅನ್ನಿಸಿತು, ಯಾಕೆ ಸುಳ್ಳು ಹೇಳಲಿ. ನೋಡಿದ್ರಾ ಎಲ್ಲರೂ, ನೋಡಿದ್ರಾ ಅನ್ನೋ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅನ್ನಬೇಕೆಂದೇ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ತಮ್ಮ ಹೊರಳಿ ಅವಳನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಕಳ್ಳತನ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖ ಅದು, ಸುಳ್ಳು ಹೇಳಿದರೆ ಮೂಗಿನ ಹೊಳ್ಳೆ ಅರಳುತ್ತೆ ಅಂತ ಅವಳೊಬ್ಬಳಿಗೇ ಗೊತ್ತು. ಅರಳಿರಲಿಲ್ಲ.

"ಯಾಕೆ ನಿಂತೆ? ಸುತ್ತು, ಸುತ್ತು," ಅಂದ ಅವನು. ಗೆದ್ದವನ ನಗು ನಗುತ್ತಿದ್ದ.

ಅಕ್ಕನ ಕಣ್ಣು ಅವನ ಮುಖದಿಂದ ಕೆಳಗಿಳಿಯಿತು. ಎಡಗಾಲಿನ ಪಾದ ಹೊ‍ರಕ್ಕೆ ಹೊರಳಿ ಪೆಡಲಿನ ಅಂಚಿನಿಂದ ಅರ್ಧ ಜಾರಿಹೋಗಿತ್ತು. ಪೆಡಲು ನಡುದಾರಿಯಲ್ಲೇ ನಿಂತಿತ್ತು. ಕಾಲಿನ ಮೀನಖಂಡ ಸಣ್ಣಗೆ ಅದುರುತ್ತಿತ್ತು.

ಮೇಷ್ಟ್ರೂ ನೋಡಿದರು. "ಇನ್ನೊಂಚೂರು ಒತ್ತಪ್ಪ," ಅಂದರು, ಮಗುವಿಗೆ ಹೇಳುವ ದನಿಯಲ್ಲಿ.

"ಇನ್ನೆಲ್ಲಿ ಒತ್ತೋದು ಮೇಷ್ಟ್ರೇ? ತಳ ಮುಟ್ಟಿದೆಯಲ್ಲ."

ಸುಳ್ಳಲ್ಲ ಅದು. ಗುರುವಾರವೂ ಸುಳ್ಳಾಡಿರಲಿಲ್ಲ, ಬೆಳಗ್ಗೆಯೂ ಆಡಿರಲಿಲ್ಲ. ತನ್ನ ಕಾಲು ಎಲ್ಲಿದೆ ಅಂತ ಅವನಿಗೇ ಗೊತ್ತಿರಲಿಲ್ಲ. ಅಕ್ಕನಿಗೆ ಹೋದ ವರ್ಷದ ಪಲ್ಟಿ, ಬೆಳಗ್ಗೆ ಷಟರಿನ ಪಟ್ಟಿಗೆ ಅವನು ಮುಗ್ಗರಿಸಿದ್ದು, ಎರಡೂ ಒಟ್ಟಿಗೆ ನೆನಪಾದವು. ಮತ್ತೆ ಚಕ್ರಕ್ಕೆ ಕೈ ಹಾಕಿದಳು. ಈಗ ಹೆಗಲು ಕೊಟ್ಟು, ಹಲ್ಲು ಕಚ್ಚಿ ತಳ್ಳಿದಳು. ತಿರುಗು ನನ್ನಪ್ಪಾ, ತಿರುಗು, ನಾನೇ ಸುಳ್ಳಿ ಅಂತಾಗ್ಲಿ, ನನ್ನ ಹೆಸರು ಹಾಳಾಗಿ ಹೋಗ್ಲಿ, ಒಂದು ಸಲ ತಿರುಗು ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಅವಳ ಕೈಯಾರೆ ಕಟ್ಟಿದ ಕ್ಲಚ್ಚು, ಗಟ್ಟಿಯಾಗಿ ಹಿಡಿದುಕೊಂಡೇ ಇತ್ತು.

"ಹಾಗಾದ್ರೆ ಗಾಡಿ ಸರಿಯಾಗಿದೆ ಅಂತಾಯ್ತು!" ಅಂದ ಸಾಹುಕಾರ, ಏನೂ ಅರ್ಥವಾಗದೆ. "ಶಭಾಷ್ ಕಣಮ್ಮಾ! ನಾನು ಸುಮ್ನೆ ನಿನ್ನ ಮೇಲೆ ಅನುಮಾನಪಟ್ಟೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನೆಲ ನೋಡುತ್ತಾ ನಿಂತರು.

ಅಕ್ಕ ಎದ್ದಳು. ಬಾಗಿಲ ಹತ್ತಿರ ಬಂದು ಮತ್ತೆ ಮಂಡಿಯೂರಿದಳು. ತಮ್ಮ ಮುಂದಿನ ಗುಡ್ಡದ ದಾರಿಯನ್ನು ನೋಡುತ್ತಾ ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ಅವಳು ಕೈ ಚಾಚಿ ಶೂಗಿಂತ ಮೇಲೆ, ಪ್ಯಾಂಟಿನ ಅಂಚು ಸರಿಸಿ, ಅವನ ಬರಿಯ ಕಾಲನ್ನು ಹಿಡಿದಳು. ಮೊದಲು ಮೆಲ್ಲಗೆ ಹಿಡಿದಳು, ಆಮೇಲೆ ಉಗುರು ಊರುವಷ್ಟು ಬಿಗಿಯಾಗಿ.

"ಪುಟ್ಟಾ," ಅಂದಳು. ಅವನು ಚಿಕ್ಕವನಿದ್ದಾಗ ಕರೆದ ಮೇಲೆ ಎಷ್ಟೋ ವರ್ಷ ಹಾಗೆ ಕರೆದಿರಲಿಲ್ಲ. "ಗೊತ್ತಾಗ್ತಿದೆಯೇನೋ?"

"ಏನು?" ಅಂದ ತಮ್ಮ, ಇನ್ನೂ ದಾರಿಯನ್ನೇ ನೋಡುತ್ತಾ. "ಚಕ್ರ ತಿರುಗ್ತಾ?"

ಅವಳು ಹಿಡಿತ ಸಡಿಲಿಸಲಿಲ್ಲ. ಅವನು ಬಗ್ಗಿ ನೋಡಿದ. ಅಕ್ಕನ ಗ್ರೀಸ್ ಮೆತ್ತಿದ ಕೈ ತನ್ನ ಕಾಲನ್ನು ಹಿಡಿದಿರುವುದು ಕಣ್ಣಿಗೆ ಬಿದ್ದ ಮೇಲೆಯೇ ಅವನ ನಗು ನಿಂತದ್ದು.